ಸೆಳೆತದ ಲೆಕ್ಕ: ಹಿನ್ನೀರಿನ ಸಣ್ಣ ದೋಣಿಗೆ ಬ್ಯಾಟರಿ ಮೋಟಾರ್ ಕೂರಿಸಿದ ಒಂದು ಪ್ರಕರಣ

ಒಬ್ಬರೋ ಇಬ್ಬರೋ ಕುಳಿತು ಮೀನು ಹಿಡಿಯುವ ಸಣ್ಣ ದೋಣಿಗೆ ಬ್ಯಾಟರಿಯಿಂದ ಓಡುವ ಟ್ರೋಲಿಂಗ್ ಮೋಟಾರ್ ಹಾಕಿಸಬಹುದೇ ಎಂದು ಉಡುಪಿ, ಮಂಗಳೂರು ಕಡೆಯ ಮೀನುಗಾರರು ನನ್ನನ್ನು ಆಗಾಗ ಕೇಳುತ್ತಾರೆ. ಕೇಳುವ ಹೊತ್ತಿಗೆ ಕೆಲವರು ಮೋಟಾರ್ ಕೊಂಡೂ ಆಗಿರುತ್ತದೆ. ಅವರು ನೋಡಿದ ವಿಡಿಯೊಗಳಲ್ಲಿ ಇರುವುದು ಕೆರೆ, ಸರೋವರಗಳ ನಿಂತ ನೀರು. ನಮ್ಮ ನದಿಮುಖಗಳಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ನನಗೂ ಸ್ಪಷ್ಟವಾದದ್ದು ಈ ಒಂದು ದೋಣಿಯಿಂದ. ಆದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೀನುಗಾರರ ಹೆಸರನ್ನೂ ಅವರು ವಾಸಿಸುವ ಕುದ್ರುವಿನ, ಅಂದರೆ ನದಿ ನಡುವಿನ ದ್ವೀಪದ ಹೆಸರನ್ನೂ ಬಿಟ್ಟಿದ್ದೇನೆ. ಊರಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅವರ ತಮ್ಮನ ಮಗ ನಾನು ವಿದ್ಯುತ್ ವಿಭಾಗದಲ್ಲಿ ಪಾಠ ಮಾಡುವ ತರಬೇತಿ ಕೇಂದ್ರದ ವಿದ್ಯಾರ್ಥಿ. ಆ ಹುಡುಗನ ಮೂಲಕವೇ ಈ ಕೆಲಸ ನನ್ನ ಬಳಿಗೆ ಬಂತು.

ಹಿನ್ನೆಲೆ

ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿಬೆಂಗ್ರೆಯ ಅಳಿವೆಯಲ್ಲಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತವೆ. ನಡುನಡುವೆ ತೆಂಗಿನ ತೋಟಗಳ ಕುದ್ರುಗಳು, ಇಳಿತದಲ್ಲಿ ಬೆನ್ನು ತೋರಿಸುವ ಮರಳ ದಿಬ್ಬಗಳು, ಕುದ್ರು ಮತ್ತು ದಡದ ನಡುವೆ ಇಕ್ಕಟ್ಟಾದ ಕಾಲುವೆಗಳು. ಅಣ್ಣ ಹುಟ್ಟಿದ್ದು, ಬೆಳೆದದ್ದು, ಬಲೆ ಬಿಡಲು ಕಲಿತದ್ದು ಈ ನೀರಿನಲ್ಲೇ. ಈಗ ಅವರಿಗೆ ಅರುವತ್ತರ ಹತ್ತಿರ. ದೋಣಿ 18 ಅಡಿಯ ಫೈಬರಿನದು. ಇಬ್ಬರು, ಬಲೆ, ಐಸ್ ಪೆಟ್ಟಿಗೆ, ಎಂಜಿನ್ ಎಲ್ಲ ಸೇರಿದರೆ 480 ಕಿಲೋ ಆಸುಪಾಸು. ಹಿಂಬದಿಯ ಹಲಗೆಗೆ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಕೂರಿಸಿದ್ದಾರೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುವ ಮಾದರಿ.

ತೊಂದರೆ ಆರಂಭವಾದದ್ದು ಜೊತೆಗಾರ ಕೆಲಸ ಬಿಟ್ಟಾಗ. ಆತ ಮಲ್ಪೆಯ ದೊಡ್ಡ ಬೋಟೊಂದಕ್ಕೆ ಸೇರಿಕೊಂಡ. ಅಲ್ಲಿಯವರೆಗೆ ಆತ ಜಲ್ಲೆ ಊರಿ ದೋಣಿಯನ್ನು ಮೆಲ್ಲಗೆ ಸರಿಸುತ್ತಿದ್ದ, ಅಣ್ಣ ಕಂತಬಲೆಯನ್ನು ಮಡಿಕೆ ಮಡಿಕೆಯಾಗಿ ನೀರಿಗೆ ಬಿಡುತ್ತಿದ್ದರು. ಒಬ್ಬರೇ ಆದ ಮೇಲೆ ಜಲ್ಲೆಯೂ ಅವರದೇ, ಬಲೆಯೂ ಅವರದೇ. ಎಂಜಿನನ್ನು ಎಷ್ಟು ನಿಧಾನಕ್ಕೆ ಇಟ್ಟರೂ ಬಲೆ ಬಿಡುವ ವೇಗಕ್ಕೆ ಅದು ಇಳಿಯುವುದಿಲ್ಲ. ಬಿಡುವುದು, ನಿಲ್ಲಿಸುವುದು, ಮತ್ತೆ ಹಗ್ಗ ಎಳೆದು ಚಾಲೂ ಮಾಡುವುದು, ಇದರಿಂದ ಅವರ ಬಲ ಭುಜ ಬಿದ್ದುಹೋಯಿತು. ತಲೆಯ ಮೇಲಕ್ಕೆ ಕೈ ಎತ್ತಬೇಡಿ ಎಂದು ವೈದ್ಯರು ಹೇಳಿದರು. ಆ ಭುಜ ಇಲ್ಲದೆ ಮನೆ ನಡೆಯುವುದಿಲ್ಲ. ಮೋಟಾರಿನ ಆಲೋಚನೆ ಬಂದದ್ದು ಆಸೆಯಿಂದಲ್ಲ, ಈ ಭುಜದಿಂದ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಬೇಕಾಗಿದ್ದದ್ದು ಜಲ್ಲೆ ಹಿಡಿಯುವ ಇನ್ನೊಬ್ಬ ಮನುಷ್ಯನ ಬದಲಿ. ಆದರೆ ಕೊಳ್ಳುವ ಹೊತ್ತಿಗೆ ಎಲ್ಲರ ತಲೆಯಲ್ಲಿ ಇದ್ದದ್ದು ಎಂಜಿನ್ನಿನ ಬದಲಿ.

ಮೊದಲ ಅಳವಡಿಕೆ

ಹುಡುಗ 55 ಪೌಂಡ್ ನೂಕುಬಲದ, 12 ವೋಲ್ಟಿನ, ಐದು ಹಂತದ ವೇಗವಿರುವ ಮೋಟಾರನ್ನು ಆನ್‌ಲೈನ್‌ನಲ್ಲಿ ತರಿಸಿದ. ಆರಿಸಿದ್ದು ಪ್ರಚಲಿತ ಸೂತ್ರದ ಪ್ರಕಾರವೇ: ಪ್ರತಿ 100 ಪೌಂಡ್, ಅಂದರೆ ಸುಮಾರು 45 ಕಿಲೋ ತೂಕಕ್ಕೆ ಕನಿಷ್ಠ 2 ಪೌಂಡ್ ನೂಕುಬಲ. 480 ಕಿಲೋಗೆ 21 ಪೌಂಡ್ ಸಾಕಾಗುತ್ತದೆ. 55 ಅಂದರೆ ಎರಡೂವರೆ ಪಟ್ಟು. ಇಷ್ಟು ಇದ್ದರೆ ಸೀಮೆಎಣ್ಣೆಯ ಗೊಡವೆಯೇ ಬೇಡ ಎಂದು ಮನೆಯಲ್ಲಿ ಮಾತಾಯಿತು. ಆ ಸೂತ್ರದಲ್ಲಿ ನೀರು ಚಲಿಸುವುದೇ ಇಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಬ್ಯಾಟರಿಗೆ ಹೊಸದಾಗಿ ಹಣ ಹಾಕುವುದು ಬೇಡವೆಂದು ಮನೆಯ ಇನ್ವರ್ಟರಿನ 150 ಆಂಪಿಯರ್-ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಟ್ಯೂಬುಲರ್ ಬ್ಯಾಟರಿಯನ್ನೇ ಬೆಳಿಗ್ಗೆ ದೋಣಿಗೆ, ರಾತ್ರಿ ಮನೆಗೆ ಎಂದು ನಿರ್ಧರಿಸಿದರು. ಅದರ ತೂಕ ಐವತ್ತು ಕಿಲೋಗೂ ಮೇಲೆ. ಹಿಂದೆ ಎಂಜಿನ್ ಇದ್ದುದರಿಂದ ಸಮತೋಲಕ್ಕಾಗಿ ಬ್ಯಾಟರಿಯನ್ನು ಮುಂದೆ, ಅಣಿಯದ (ದೋಣಿಯ ಮುಂತುದಿಯ) ಬಳಿ ಇಟ್ಟರು. ಮೋಟಾರು ಹಿಂದೆ, ಎಂಜಿನ್ನಿನ ಪಕ್ಕ. ನಡುವಿನ ನಾಲ್ಕೂವರೆ ಮೀಟರಿಗೆ ಮನೆಯ ವೈರಿಂಗಿನಲ್ಲಿ ಉಳಿದಿದ್ದ 4 ಚದರ ಮಿಲಿಮೀಟರ್ ತಂತಿಯನ್ನು ಎಳೆದರು. ಫ್ಯೂಸ್ ಇರಲಿಲ್ಲ.

ಮೊದಲ ದಿನಗಳು ಅಷ್ಟಮಿಯ ಆಸುಪಾಸಿನವು. ಚಂದ್ರ ಅರ್ಧವಿರುವ ಆ ದಿನಗಳಲ್ಲಿ ಉಬ್ಬರ-ಇಳಿತಗಳ ಅಂತರ ಕಡಿಮೆ, ಸೆಳೆತವೂ ಮೆತ್ತಗೆ. ಮೋಟಾರ್ ಸದ್ದಿಲ್ಲದೆ ಓಡಿತು. ಬಲೆ ಬಿಡುವುದು ಸಲೀಸಾಯಿತು. ಅಣ್ಣ ಎಂಜಿನನ್ನು ಬಿಚ್ಚಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿಟ್ಟರು. ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಅಪಾಯದ ನಿರ್ಧಾರ ಇದೇ. ಚೆನ್ನಾಗಿ ಓಡಿದ ಒಂದು ವಾರವನ್ನು ನೋಡಿ ಹಿಂದಿನ ವ್ಯವಸ್ಥೆಯನ್ನು ಕಳಚಿದರು. ಆ ವಾರ ತಿಂಗಳಿನ ಅತ್ಯಂತ ಸೌಮ್ಯ ವಾರವಾಗಿತ್ತು.

ಅಮಾವಾಸ್ಯೆಯ ಸಂಜೆ

ಏಪ್ರಿಲ್ ಕೊನೆಯ ದಿನಗಳು. ಹಿಂದಿನ ರಾತ್ರಿ ಗುಡುಗು ಮಳೆ ಬಂದು ಕರೆಂಟು ಹೋಗಿತ್ತು. ಬೆಳಗಿನ ಜಾವದವರೆಗೆ ಮನೆಯ ಫ್ಯಾನು, ದೀಪ ಇನ್ವರ್ಟರಿನಲ್ಲೇ ಓಡಿದ್ದವು. ಕರೆಂಟು ಬಂದ ಮೇಲೆ ಬ್ಯಾಟರಿ ಪೂರ್ತಿ ತುಂಬುವಷ್ಟು ಸಮಯ ಸಿಗಲಿಲ್ಲ. ಮಧ್ಯಾಹ್ನದ ಉಬ್ಬರದಲ್ಲಿ ಅಣ್ಣ ಹೊರಟರು. ಬಲೆ ಬಿಟ್ಟು, ಕಾದು, ಎಳೆದು ಮುಗಿಸುವಾಗ ಇಳಿತ ಜೋರಾಗಿತ್ತು.

ಮನೆಗೆ ಬರಲು ಇಕ್ಕಟ್ಟಾದ ಕಾಲುವೆಯೊಂದನ್ನು ಸೆಳೆತಕ್ಕೆದುರಾಗಿ ದಾಟಬೇಕು, ಒಟ್ಟು ದೂರ 1.2 ಕಿಲೋಮೀಟರ್. ಮೋಟಾರನ್ನು ಐದನೆಯ ಹಂತಕ್ಕೆ ತಿರುಗಿಸಿದರು. ದಡದ ಒಂದು ಬಾಗಿದ ತೆಂಗಿನ ಮರ ಬಹಳ ಹೊತ್ತು ಅವರ ಪಕ್ಕದಲ್ಲೇ ನಿಂತಿತ್ತಂತೆ. ಆಮೇಲೆ ಅದು ನಿಧಾನವಾಗಿ ಮುಂದಕ್ಕೆ ಹೋಗತೊಡಗಿತು. ಅಂದರೆ ದೋಣಿ ಹಿಂದಕ್ಕೆ, ಅಳಿವೆಯ ಕಡೆಗೆ ಜಾರುತ್ತಿತ್ತು.

ಇಲ್ಲಿ ಅವರು ಮಾಡಿದ್ದನ್ನು ಒತ್ತಿ ಹೇಳಬೇಕು. ಬ್ಯಾಟರಿ ಪೂರ್ತಿ ಸಾಯುವವರೆಗೆ ಅವರು ಹೋರಾಡಲಿಲ್ಲ. ಮರ ಹಿಂದಕ್ಕೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ದೋಣಿಯನ್ನು ಓರೆಯಾಗಿ ದಿಬ್ಬದ ಕಡೆ ತಿರುಗಿಸಿ, ಆಳ ಕಡಿಮೆಯಾದಲ್ಲಿ ಲಂಗರು ಹಾಕಿದರು. ಉಳಿದಿದ್ದ ಚೂರು ಶಕ್ತಿಯನ್ನು ದಡ ಸೇರಲು ಬಳಸದೆ, ನಿಲ್ಲಲು ಬಳಸಿದರು. ಕತ್ತಲಾದ ಮೇಲೆ ಅವರ ಫೋನಿಗೆ ಓಗೊಟ್ಟು ಪಕ್ಕದ ಕುದ್ರುವಿನ ದೋಣಿಯೊಂದು ಬಂದು ಎಳೆದುಕೊಂಡು ಹೋಯಿತು. ಅವರು ಇನ್ನೂ ಕಾಲು ಗಂಟೆ ಮೋಟಾರನ್ನು ನಂಬಿದ್ದರೆ ಅಳಿವೆಯ ಬಾಯಿಯ ಅಲೆಗಳಲ್ಲಿ ಇರುತ್ತಿದ್ದರು.

ಅಳೆದು ನೋಡಿದಾಗ

ಮರುದಿನ ಹುಡುಗ ನನ್ನನ್ನು ಕರೆದುಕೊಂಡು ಹೋದ. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಮೋಟಾರನ್ನು ಮಾರಿಬಿಡಿ ಎಂದು ಖಂಡಿತವಾಗಿ ಹೇಳಿದ್ದರು. ಮಾರುವುದಿದ್ದರೆ ಮಾರೋಣ, ಮೊದಲು ಏನಾಯಿತೆಂದು ತಿಳಿಯೋಣ ಎಂದೆ.

ಮೀನು ತೂಗಲು ಅತ್ತಿಗೆ ಇಟ್ಟುಕೊಂಡಿದ್ದ ನೇತುಹಾಕುವ ಸ್ಪ್ರಿಂಗ್ ತಕ್ಕಡಿಯನ್ನು ಕೇಳಿ ಪಡೆದೆವು. ಅದರ ಒಂದು ಕೊಕ್ಕೆಯನ್ನು ದೋಣಿ ಕಟ್ಟುವ ಕಂಬಕ್ಕೆ, ಇನ್ನೊಂದನ್ನು ದೋಣಿಯ ಹಗ್ಗಕ್ಕೆ ಸಿಕ್ಕಿಸಿ, ನೀರು ನಿಂತ ಹೊತ್ತಿನಲ್ಲಿ, ಪೂರ್ತಿ ತುಂಬಿದ ಬ್ಯಾಟರಿಯೊಂದಿಗೆ, ಮೋಟಾರನ್ನು ಐದನೆಯ ಹಂತದಲ್ಲಿ ಓಡಿಸಿದೆವು. 55 ಪೌಂಡ್ ಅಂದರೆ 25 ಕಿಲೋ. ತಕ್ಕಡಿಯ ಮುಳ್ಳು 18ರ ಹತ್ತಿರ ನಿಂತಿತು. ಅದೇ ಹೊತ್ತಿಗೆ ಮಲ್ಟಿಮೀಟರ್ ಬ್ಯಾಟರಿಯ ತುದಿಯಲ್ಲಿ 12.1 ವೋಲ್ಟ್ ತೋರಿಸಿತು, ಮೋಟಾರಿನ ತುದಿಯಲ್ಲಿ 10.3. ಉಳಿದ 1.8 ವೋಲ್ಟ್ ತಂತಿಯನ್ನು ಬಿಸಿ ಮಾಡಲು ಖರ್ಚಾಗುತ್ತಿತ್ತು. ತಂತಿಯ ಮೇಲೆ ಅಂಗೈ ಇಟ್ಟು ನೋಡು ಎಂದು ಹುಡುಗನಿಗೆ ಹೇಳಿದೆ. ಆತ ಕೈ ತೆಗೆದ ರೀತಿಯಲ್ಲೇ ಉತ್ತರ ಇತ್ತು. ತಂತಿಗೆ ಹೋಗುವ ದಾರಿಯೂ ಉದ್ದ, ಬರುವ ದಾರಿಯೂ ಉದ್ದ: ನಾಲ್ಕೂವರೆ ಮೀಟರ್ ಅಂತರಕ್ಕೆ ಲೆಕ್ಕ ಹಿಡಿಯಬೇಕಾದದ್ದು ಒಂಬತ್ತು ಮೀಟರ್. ಮನೆಯಲ್ಲಿ 230 ವೋಲ್ಟಿಗೆ 1.8 ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. 12 ವೋಲ್ಟಿನಲ್ಲಿ ಅದು ನೂಕುಬಲದ ಕಾಲು ಭಾಗವನ್ನೇ ತಿಂದುಹಾಕುತ್ತದೆ.

ಆಮೇಲೆ ಸೆಳೆತ. ಇದಕ್ಕೆ ಉಪಕರಣ ಬೇಕಿಲ್ಲ. ಕಾಲುವೆಯ ಬದಿಯಲ್ಲಿ 50 ಮೀಟರ್ ಅಂತರದ ಎರಡು ಗೂಟಗಳನ್ನು ಗುರುತು ಮಾಡಿಕೊಂಡು, ನಡುನೀರಿಗೆ ಒಂದು ತೆಂಗಿನಕಾಯಿಯನ್ನು ಎಸೆದೆವು. ಕಾಯಿ ಬಹುಪಾಲು ನೀರಿನಲ್ಲೇ ಮುಳುಗಿ ತೇಲುವುದರಿಂದ ಗಾಳಿ ಅದನ್ನು ಹೆಚ್ಚು ತಳ್ಳುವುದಿಲ್ಲ. ಅಮಾವಾಸ್ಯೆಯ ಬೆನ್ನಿಗೇ ಬಂದ ಆ ದಿನ ನಡು ಇಳಿತದಲ್ಲಿ ಅದು 45 ಸೆಕೆಂಡಿನಲ್ಲಿ ಎರಡನೆಯ ಗೂಟವನ್ನು ದಾಟಿತು. ಗಂಟೆಗೆ 4 ಕಿಲೋಮೀಟರ್. ಮುಂದಿನ ಅಷ್ಟಮಿಗೆ ಅದೇ ಜಾಗದಲ್ಲಿ ಅಳೆದಾಗ 110 ಸೆಕೆಂಡ್ ಬೇಕಾಯಿತು, ಅಂದರೆ ಗಂಟೆಗೆ 1.6 ಕಿಲೋಮೀಟರ್.

ನಿಂತ ನೀರಿನಲ್ಲಿ ಮೊಬೈಲಿನ ಜಿಪಿಎಸ್ ಇಟ್ಟು ನೋಡಿದಾಗ ದೋಣಿಯ ಗರಿಷ್ಠ ವೇಗ ಗಂಟೆಗೆ 4.7 ಕಿಲೋಮೀಟರ್ ಇತ್ತು. 4.7ರಲ್ಲಿ 4 ಕಳೆದರೆ ಉಳಿಯುವುದು 0.7. ಅದೂ ಬ್ಯಾಟರಿ ತುಂಬಿರುವಾಗ. ಆ ಸಂಜೆ ಬ್ಯಾಟರಿ ಅರ್ಧ ಖಾಲಿಯಾಗಿತ್ತು. ತೆಂಗಿನ ಮರ ಪಕ್ಕದಲ್ಲೇ ನಿಂತದ್ದು, ಆಮೇಲೆ ಮುಂದಕ್ಕೆ ಹೋದದ್ದು ಎಲ್ಲವೂ ಈ 0.7ರಲ್ಲಿ ಅಡಗಿತ್ತು.

ಮೂರು ದಾರಿಗಳು

ಅಂಗಳದಲ್ಲಿ ಕುಳಿತು ಮೂರು ದಾರಿಗಳನ್ನು ಮುಂದಿಟ್ಟೆ. ಮೋಟಾರನ್ನು ಮಾರಿ ಎಂಜಿನ್ನಿಗೆ ಮರಳುವುದು. 24 ವೋಲ್ಟಿನ, 80 ಪೌಂಡಿನ ದೊಡ್ಡ ಮೋಟಾರಿಗೆ ಹೋಗುವುದು. ಅಥವಾ ಇದೇ ಮೋಟಾರನ್ನು ಇಟ್ಟುಕೊಂಡು ತಂತಿ, ಬ್ಯಾಟರಿಗಳನ್ನು ಸರಿಪಡಿಸಿ, ಅದಕ್ಕೆ ಕೊಡುವ ಕೆಲಸವನ್ನು ಬದಲಾಯಿಸುವುದು.

ಹುಡುಗನಿಗೆ ಎರಡನೆಯದರ ಮೇಲೆ ಮನಸ್ಸು. ಲೆಕ್ಕ ಹಾಕಿಸಿದೆ. ಇಂಥ ದೋಣಿಯ ವೇಗ ನೂಕುಬಲದ ವರ್ಗಮೂಲದಂತೆ ಏರುತ್ತದೆ. ಬಲವನ್ನು ಒಂದೂವರೆ ಪಟ್ಟು ಮಾಡಿದರೆ ವೇಗ ಹೆಚ್ಚುವುದು ಸುಮಾರು ಐದನೇ ಒಂದು ಭಾಗ ಮಾತ್ರ. ಖರ್ಚಾಗುವ ವಿದ್ಯುತ್ತಾದರೋ ವೇಗದ ಘನದಂತೆ ಏರುತ್ತದೆ. ಎರಡು ಬ್ಯಾಟರಿ, ಹೊಸ ಮೋಟಾರು, ಹೊಸ ಚಾರ್ಜರ್, ಇಷ್ಟೆಲ್ಲ ಆಗಿ ಅಮಾವಾಸ್ಯೆಯ ಇಳಿತಕ್ಕೆ ಎದುರಾಗಿ ಇನ್ನೊಂದು ಕಿಲೋಮೀಟರಿನಷ್ಟು ವೇಗ ಸಿಗುತ್ತಿತ್ತು. ಸಾಲ ಮಾಡಿ ಕೊಳ್ಳುವಷ್ಟು ಲಾಭ ಅದರಲ್ಲಿ ನನಗೆ ಕಾಣಲಿಲ್ಲ.

ಅಷ್ಟರವರೆಗೆ ಸುಮ್ಮನಿದ್ದ ಅಣ್ಣ ಆಗ ಮಾತಾಡಿದರು. "ಮಾಸ್ಟ್ರೇ, ನನ್ನ ಅಪ್ಪ ಎಂಜಿನ್ ಕಂಡವರಲ್ಲ. ಹುಟ್ಟು, ಜಲ್ಲೆ ಎರಡೇ. ಇಳಿತಕ್ಕೆ ಎದುರು ಅವರು ಒಂದು ದಿನವೂ ಬರಲಿಲ್ಲ. ನೀರು ಇಳಿಯುವಾಗ ಕೆಳಗೆ ಹೋಗುತ್ತಿದ್ದರು, ಏರುವಾಗ ಮನೆಗೆ ಬರುತ್ತಿದ್ದರು. ಎದುರು ಬರುವ ಅಭ್ಯಾಸ ನಮಗೆ ಎಂಜಿನ್ ಬಂದ ಮೇಲೆ ಆದದ್ದು."

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. 25 ಕಿಲೋ ನೂಕುವ ಮೋಟಾರನ್ನು ಎಂಜಿನ್ನಿನ ಸಾಲಿನಲ್ಲಿ ನಿಲ್ಲಿಸಿದರೆ ಅದು ಸೋಲುತ್ತದೆ. ಹುಟ್ಟಿನ ಸಾಲಿನಲ್ಲಿ ನಿಲ್ಲಿಸಿದರೆ ಅದು ದಣಿಯದ ಹುಟ್ಟು. ಹಾಗಾದರೆ ಹುಟ್ಟು ಹಾಕುತ್ತಿದ್ದವರ ಸಮಯಪಾಲನೆಯೂ ಅದಕ್ಕೆ ಬೇಕು. ನಾನು ಕಾಗದದ ಮೇಲೆ ಅದೇ 1.2 ಕಿಲೋಮೀಟರನ್ನು ಮೂರು ಸಲ ಲೆಕ್ಕ ಹಾಕಿ ತೋರಿಸಿದೆ. ತಂತಿ ಸರಿಪಡಿಸಿ ಗಂಟೆಗೆ 5.5 ಕಿಲೋಮೀಟರ್ ವೇಗ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅಮಾವಾಸ್ಯೆಯ ಇಳಿತಕ್ಕೆ ಎದುರಾಗಿ ಬಂದರೆ 48 ನಿಮಿಷ, 40 ಆಂಪಿಯರ್-ಅವರ್. ನೀರು ನಿಂತಾಗ ಬಂದರೆ 13 ನಿಮಿಷ, 11 ಆಂಪಿಯರ್-ಅವರ್. ಏರುವ ನೀರಿನ ಜೊತೆ, ಎರಡನೆಯ ಹಂತದಲ್ಲಿ ಮೆಲ್ಲಗೆ ಬಂದರೆ ಅದೇ 13 ನಿಮಿಷ, ಖರ್ಚು 4 ಮಾತ್ರ. ದಾರಿ ಅದೇ, ದೋಣಿ ಅದೇ, ಹತ್ತು ಪಟ್ಟು ವ್ಯತ್ಯಾಸ.

ಅತ್ತಿಗೆ ಒಪ್ಪಿದರು, ಎರಡು ಷರತ್ತು ಹಾಕಿ: ಕೊಟ್ಟಿಗೆಯ ಎಂಜಿನ್ ದೋಣಿಗೆ ವಾಪಸ್ ಹೋಗಬೇಕು, ಮನೆಯ ಇನ್ವರ್ಟರ್ ಬ್ಯಾಟರಿ ಮನೆಯಲ್ಲೇ ಇರಬೇಕು. ಎರಡೂ ನಾನು ಹೇಳಬೇಕೆಂದಿದ್ದ ಮಾತುಗಳೇ.

ಎರಡನೆಯ ಅಳವಡಿಕೆ

ಮೋಟಾರಿಗಿಂತ ಬ್ಯಾಟರಿಯೇ ದುಬಾರಿ ಬಿತ್ತು. 12.8 ವೋಲ್ಟ್, 100 ಆಂಪಿಯರ್-ಅವರ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಇನ್ವರ್ಟರ್ ಬ್ಯಾಟರಿಯ ಮೇಲೆ 150 ಎಂದು ಬರೆದಿರುವಾಗ ಇದರ 100 ಕಡಿಮೆಯಲ್ಲವೇ ಎಂದು ಅಣ್ಣ ಕೇಳಿದರು. ನ್ಯಾಯವಾದ ಪ್ರಶ್ನೆ. ಸೀಸದ ಬ್ಯಾಟರಿಯ ಆ 150 ಎಂಬುದು ಇಪ್ಪತ್ತು ಗಂಟೆಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಎಳೆದಾಗ ಸಿಗುವ ಲೆಕ್ಕ. 50 ಆಂಪಿಯರಿನಲ್ಲಿ ಎಳೆದರೆ ಸಿಗುವುದು ನೂರರ ಆಸುಪಾಸು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಪದೇ ಪದೇ ಖಾಲಿ ಮಾಡಿದರೆ ಬ್ಯಾಟರಿಯ ಆಯುಷ್ಯ ಮೊಟಕಾಗುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ 80ರವರೆಗೆ ನಿಶ್ಚಿಂತೆಯಾಗಿ ಬಳಸಬಹುದು. ತೂಕ 12 ಕಿಲೋ ಸುಮಾರು. ಭುಜ ನೋಯುವ ಮನುಷ್ಯ ದಿನವೂ ಎತ್ತಿ ಇಳಿಸುವ ವಸ್ತು ಎಂಬುದನ್ನು ಮರೆಯಬಾರದು.

ಕೊಳ್ಳುವಾಗ ಎರಡು ವಿಷಯಗಳನ್ನು ಪಟ್ಟು ಹಿಡಿದು ಕೇಳಿದೆವು. ಮೊದಲನೆಯದು, ಒಳಗಿನ ರಕ್ಷಣಾ ಮಂಡಲ ಎಷ್ಟು ಆಂಪಿಯರನ್ನು ಸತತವಾಗಿ ತಡೆದುಕೊಳ್ಳುತ್ತದೆ ಎಂಬುದು. ಅಗ್ಗದ ಕೆಲವು ಬ್ಯಾಟರಿಗಳಲ್ಲಿ ಅದು 50ಕ್ಕೇ ನಿಲ್ಲುತ್ತದೆ, ಸೆಳೆತದ ನಡುವೆ ಪೂರ್ತಿ ವೇಗ ಕೊಟ್ಟ ಕ್ಷಣದಲ್ಲೇ ಕೈಕೊಡಬಹುದು. ಅಣ್ಣನದು 100 ಆಂಪಿಯರಿನದು. ಎರಡನೆಯದು, ಲಿಥಿಯಂಗೆಂದೇ ಇರುವ ಚಾರ್ಜರ್. ಇನ್ವರ್ಟರಿಗೆ ಸಿಕ್ಕಿಸಿ ತುಂಬಿಸುವ ಹಾಗಿಲ್ಲ. ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ಒಂದೂವರೆ ಯೂನಿಟ್ ವಿದ್ಯುತ್ ಸಾಕು.

ಈ ಬ್ಯಾಟರಿಗೆ ಒಂದು ಕೆಟ್ಟ ಗುಣವೂ ಇದೆ. ಕೊನೆಯವರೆಗೆ ವೋಲ್ಟೇಜ್ ಹೆಚ್ಚು ಇಳಿಯುವುದಿಲ್ಲ, ಮೋಟಾರ್ ಒಂದೇ ಹದದಲ್ಲಿ ಓಡುತ್ತಿರುತ್ತದೆ, ಆಮೇಲೆ ಹಠಾತ್ತನೆ ಎಲ್ಲವೂ ನಿಲ್ಲುತ್ತದೆ. ಸೀಸದ ಬ್ಯಾಟರಿ ಸೊರಗುತ್ತಾ ಎಚ್ಚರಿಸುತ್ತಿತ್ತು, ಇದು ಎಚ್ಚರಿಸುವುದಿಲ್ಲ. ಬರೀ ವೋಲ್ಟ್ ಮೀಟರನ್ನು ನಂಬುವಂತಿಲ್ಲ. ಹಾಗಾಗಿ ಒಳಹೋದ, ಹೊರಬಂದ ಆಂಪಿಯರುಗಳನ್ನು ಎಣಿಸಿ ಉಳಿದದ್ದನ್ನು ತೋರಿಸುವ ಶಂಟ್ ಮೀಟರ್ ಹಾಕಿದೆವು. ಅಣ್ಣ ತಾವೇ ಒಂದು ನಿಯಮ ಮಾಡಿಕೊಂಡರು: ಮೀಟರಿನಲ್ಲಿ 50 ಕಂಡರೆ, ಬಲೆಯಲ್ಲಿ ಏನೇ ಇರಲಿ, ಮನೆಯ ಕಡೆ ಮುಖ.

ತಂತಿಗೆ 25 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್. ಒಳ್ಳೆಯದೆಂದರೆ ತವರ ಲೇಪಿಸಿದ ತಾಮ್ರ, ಅದು ನಮಗೆ ಇಲ್ಲಿ ಸಿಗಲಿಲ್ಲ. ಉಪ್ಪುಗಾಳಿಗೆ ಬರಿಯ ತಾಮ್ರ ಹಸಿರುಗಟ್ಟುತ್ತದೆ. ಆದ್ದರಿಂದ ಪ್ರತಿ ತುದಿಗೂ ಲಗ್ ಎಂಬ ಲೋಹದ ಕೊಂಡಿ ಒತ್ತಿಸಿ, ಒಳಗೆ ಅಂಟು ಇರುವ ಶಾಖದಿಂದ ಕುಗ್ಗುವ ಕೊಳವೆ ಹಾಕಿ, ಮೇಲೆ ಗ್ರೀಸ್ ಬಳಿದೆವು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ 60 ಆಂಪಿಯರಿನ ಬ್ರೇಕರ್. ಮನೆಯ ಎಂಸಿಬಿ ಸಾಲದು, ಡಿಸಿಗೆಂದೇ ತಯಾರಾದದ್ದು ಬೇಕು. ನೇರ ಪ್ರವಾಹದ ಕಿಡಿಯನ್ನು ಆರಿಸುವುದು ಕಷ್ಟ. ಮತ್ತೆ ಕಂಬಕ್ಕೆ ಕಟ್ಟಿ ತಕ್ಕಡಿ ಹಾಕಿದಾಗ ಮುಳ್ಳು 23ನ್ನು ದಾಟಿತು. ತಣ್ಣಗಿದ್ದ ಕೇಬಲನ್ನು ಹುಡುಗ ಮುಟ್ಟಿ ಮುಟ್ಟಿ ನೋಡಿದ. ನಿಂತ ನೀರಿನಲ್ಲಿ ವೇಗ 5.5ಕ್ಕೆ ಬಂತು.

ಫ್ಯಾನಿಗೆ ಸುತ್ತಿದ ನೂಲು

ಇಷ್ಟಾದ ಮೇಲೂ ಒಂದು ತೊಡಕು ಉಳಿದಿತ್ತು. ಮೋಟಾರ್ ಹಿಂದೆ, ಬಲೆ ಇಳಿಯುವುದೂ ಹಿಂದೆ. ಒಂದು ಬೆಳಿಗ್ಗೆ ಮೋಟಾರಿನ ಫ್ಯಾನ್, ಅಂದರೆ ನೀರಿನೊಳಗೆ ತಿರುಗುವ ರೆಕ್ಕೆ, ಬಲೆಯ ಅಂಚನ್ನು ಎಳೆದುಕೊಂಡಿತು. ಅಣ್ಣ ತಕ್ಷಣ ನಿಲ್ಲಿಸಿ ಬಿಡಿಸಿಕೊಂಡರು. ಹೊರಗೆ ಏನೂ ಕಾಣುತ್ತಿರಲಿಲ್ಲ. ಆದರೂ ಬಿಚ್ಚಿ ನೋಡೋಣ ಎಂದೆ.

ಫ್ಯಾನಿನ ನಟ್ಟು ಸಡಿಲಿಸಿ, ಅಡ್ಡಪಿನ್ನು ಬೀಳದಂತೆ ಕೆಳಗೆ ಅಂಗೈ ಒಡ್ಡಿ, ಫ್ಯಾನನ್ನು ಹೊರಗೆಳೆದೆವು. ಅದರ ಬೆನ್ನಿಗೆ, ದಂಡವು ಮೋಟಾರಿನೊಳಗೆ ಹೋಗುವ ಜಾಗದಲ್ಲಿ, ಕೂದಲಿನಷ್ಟು ಸಣ್ಣ ನೈಲಾನ್ ಎಳೆ ಬಿಗಿಯಾಗಿ ಸುತ್ತಿ ಬಿಳಿಯ ಉಂಗುರದಂತಾಗಿತ್ತು. ಬ್ಲೇಡಿನ ತುದಿಯಿಂದ ಕೊಯ್ದು ಎಳೆಎಳೆಯಾಗಿ ತೆಗೆಯಬೇಕಾಯಿತು. ಅದರ ಕೆಳಗಿನ ರಬ್ಬರ್ ಸೀಲಿನಲ್ಲಿ ಗೀರು ಬಿದ್ದಿತ್ತು, ಹರಿದಿರಲಿಲ್ಲ. ಇನ್ನೊಂದೆರಡು ವಾರ ಹಾಗೆಯೇ ಓಡಿದ್ದರೆ ಆ ಎಳೆ ಸೀಲನ್ನು ಕತ್ತರಿಸಿ ಉಪ್ಪುನೀರು ಮೋಟಾರಿನೊಳಗೆ ಹೋಗುತ್ತಿತ್ತು. ಬಲೆಯವರ ಕೈಯಲ್ಲಿ ಈ ಮೋಟಾರುಗಳು ಸಾಯುವುದು ಹೆಚ್ಚಾಗಿ ಹೀಗೆಯೇ.

ಹಾಗಾದರೆ ಮೋಟಾರನ್ನು ಬಲೆಯಿಂದ ದೂರ ಒಯ್ಯಬೇಕು. ಮುಂದಕ್ಕೆ ತರೋಣ ಎಂದದ್ದು ಹುಡುಗ. ಎಡ ಅಂಚಿನಲ್ಲಿ, ಅಣಿಯದಿಂದ ಸ್ವಲ್ಪ ಹಿಂದೆ, ದಪ್ಪ ಹಲಗೆಯೊಂದನ್ನು ಬೋಲ್ಟು ಹಾಕಿ ಕೂರಿಸಿ ಅದಕ್ಕೆ ಮೋಟಾರನ್ನು ಕಚ್ಚಿಸಿದೆವು. ಬೋಲ್ಟಿನ ತೂತುಗಳಿಗೆ ಸೀಲಂಟ್ ತುಂಬಿದೆವು, ಫೈಬರಿನ ಒಳಗಿನ ಮರಕ್ಕೆ ನೀರು ಇಳಿದರೆ ಅದು ಮೆತ್ತಗಾಗಿ ಕೊಳೆಯುತ್ತದೆ. ಮೋಟಾರಿನ ತಲೆಯ ಸ್ಕ್ರೂ ಸಡಿಲಿಸಿ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿದಾಗ, ದೋಣಿಯನ್ನು ಹಿಂದಿನಿಂದ ನೂಕುತ್ತಿದ್ದದ್ದು ಮುಂದಿನಿಂದ ಎಳೆಯಲಾರಂಭಿಸಿತು. ಎಳೆಯುವ ದೋಣಿ ನೇರವಾಗಿ ಹೋಗುತ್ತದೆ, ದಾರಿ ತಪ್ಪುವುದು ಕಡಿಮೆ. ಅಂಚಿನಲ್ಲಿರುವುದರಿಂದ ಬಲಕ್ಕೆ ವಾಲುವ ಚಾಳಿ ಇತ್ತು, ಮೋಟಾರನ್ನು ತುಸು ಓರೆ ಇಟ್ಟು ಸ್ಕ್ರೂ ಬಿಗಿ ಮಾಡಿದಾಗ ಸರಿಹೋಯಿತು. ಹಿಡಿಗೆ ಪಿವಿಸಿ ಪೈಪೊಂದನ್ನು ತೂರಿಸಿ ಉದ್ದ ಮಾಡಿದ್ದರಿಂದ ಅಣ್ಣ ನಡುವಿನಲ್ಲಿ ಕುಳಿತೇ ದಿಕ್ಕು ತಿದ್ದಬಲ್ಲರು. ಮುಂದೆ ಅಂಚು ಎತ್ತರವಿರುವುದರಿಂದ ದಂಡವನ್ನು ಪೂರ್ತಿ ಇಳಿಸಿದರೆ ಮಾತ್ರ ಫ್ಯಾನ್ ಒಂದು ಅಡಿ ನೀರಿನೊಳಗೆ ಇರುತ್ತದೆ. ಅದಕ್ಕಿಂತ ಮೇಲೆ ಬಂದರೆ ಗಾಳಿ ಎಳೆದುಕೊಂಡು ಬುಳುಬುಳು ಎನ್ನುತ್ತದೆ, ದೋಣಿ ಕದಲುವುದಿಲ್ಲ. ಆದ್ದರಿಂದ ಐಸ್ ಪೆಟ್ಟಿಗೆ ಈಗ ಮುಂದೆ ಬಂದಿದೆ.

ಈ ಬದಲಾವಣೆಯಿಂದ ನಾವು ಎಣಿಸದ ಒಂದು ಲಾಭವೂ ಆಯಿತು. ಬ್ಯಾಟರಿ ಮೊದಲಿನಿಂದಲೂ ಮುಂದೆಯೇ ಇತ್ತು, ಮೋಟಾರೂ ಅಲ್ಲಿಗೇ ಬಂದದ್ದರಿಂದ ನಾಲ್ಕೂವರೆ ಮೀಟರಿನ ಕೇಬಲನ್ನು ಒಂದೂವರೆ ಮೀಟರಿಗೆ ಕತ್ತರಿಸಿದೆವು.

ಈಗಿನ ಸ್ಥಿತಿ

ಅಣ್ಣ ಈಗ ಒಬ್ಬರೇ ಬಲೆ ಬಿಡುತ್ತಾರೆ. ಎರಡನೆಯ ಹಂತದಲ್ಲಿ ಮೋಟಾರು 18 ಆಂಪಿಯರ್ ಎಳೆಯುತ್ತದೆ, ಆ ಲೆಕ್ಕದಲ್ಲಿ ನಾಲ್ಕು ಗಂಟೆಗೂ ಹೆಚ್ಚು ಬರುತ್ತದೆ. ಅವರ ಕೆಲಸಕ್ಕೆ ಅಷ್ಟು ಬೇಕಾಗುವುದಿಲ್ಲ. ಹೊರಡುವ ಸಮಯ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ, ಉಬ್ಬರ ಹೋದಂತೆ. ಹುಣ್ಣಿಮೆ, ಅಮಾವಾಸ್ಯೆಗಳ ಹಿಂದುಮುಂದಿನ ದಿನಗಳಲ್ಲಿ ಎಂಜಿನ್ನೂ ಕೆಲಸ ಮಾಡುತ್ತದೆ. ಸೀಮೆಎಣ್ಣೆ ಪೂರ್ತಿ ನಿಂತಿಲ್ಲ, ಆದರೆ ಒಂದು ಕ್ಯಾನು ಮೊದಲಿಗಿಂತ ಬಹಳ ದಿನ ಬರುತ್ತದೆ. ಮೀನು ಹೆಚ್ಚು ಸಿಕ್ಕಿತೇ ಎಂದರೆ ಇಲ್ಲ, ಅಷ್ಟೇ ಸಿಗುತ್ತಿದೆ. ಕಾಣೆ ಮೀನು ಸಿಗುವ ದಿನ ಕಾಣೆ, ಸಿಗಡಿ ಸಿಗುವ ದಿನ ಸಿಗಡಿ. ಉಳಿದದ್ದು ಭುಜ, ಮತ್ತು ಅರ್ಧ ಪಾಲು ಕೊಡಬೇಕಿದ್ದ ಜೊತೆಗಾರನ ಕೂಲಿ.

ಮೋಟಾರು ಸಿಹಿನೀರಿನ ಮಾದರಿಯದು, ಇದು ಸರಿಪಡಿಸಲಾಗದ ಕೊರತೆ. ಬೇಸಿಗೆಯಲ್ಲಿ ಈ ಹಿನ್ನೀರು ಪೂರ್ತಿ ಉಪ್ಪು. ಕೆಲವೇ ವಾರಗಳಲ್ಲಿ ಕೆಳಗಿನ ಅಲ್ಯೂಮಿನಿಯಂ ಕವಚದ ಸ್ಕ್ರೂಗಳ ಸುತ್ತ ಬಣ್ಣ ಉಬ್ಬಿ ಬಿಳಿ ಪುಡಿ ಕಾಣಿಸಿತು. ಫ್ಯಾನಿನ ನಟ್ಟಿನ ಜಾಗದಲ್ಲಿ ಕೂರುವ ಸತುವಿನ ತುಂಡನ್ನು ಹಾಕಿದ್ದೇವೆ, ಕವಚದ ಬದಲು ಅದು ಸವೆಯಲಿ ಎಂದು. ದಿನವೂ ಮೋಟಾರನ್ನು ನೀರಿನಿಂದ ಮೇಲೆತ್ತಿ ಬಾವಿಯ ನೀರಿನಲ್ಲಿ ತೊಳೆಯುವುದು ಅತ್ತಿಗೆಯ ಕಣ್ಗಾವಲಿನಲ್ಲಿ ತಪ್ಪದೆ ನಡೆಯುತ್ತದೆ. ಹೊಸದಾಗಿ ಕೊಳ್ಳುವವರು ಉಪ್ಪುನೀರಿಗೆಂದು ಮಾಡಿದ ಮಾದರಿಯನ್ನೇ ಕೇಳಬೇಕು. ಮಳೆಗಾಲದಲ್ಲಿ ಮೋಟಾರು ದೋಣಿಯಲ್ಲಿ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಕಡಲು ಮುಚ್ಚಿರುವಾಗ ನದಿಯ ಮೀನಿಗೆ ಒಳ್ಳೆಯ ಬೆಲೆ ಬರುತ್ತದೆ ನಿಜ. ಆದರೆ ಘಟ್ಟದಿಂದ ಇಳಿದು ಬರುವ ಕೆಂಪು ನೀರಿಗೆ ಈ 25 ಕಿಲೋ ಲೆಕ್ಕಕ್ಕೇ ಇಲ್ಲ.

ಹುಟ್ಟು, ಲಂಗರು, ಜೀವರಕ್ಷಕ ಜಾಕೆಟ್ ಮೂರೂ ದೋಣಿಯಲ್ಲಿ ಸದಾ ಇರುತ್ತವೆ. ಜಾಕೆಟ್ ಮೊದಲು ಇರಲಿಲ್ಲ.

ಇತ್ತೀಚೆಗೆ ಮಂಗಳೂರಿನ ಬೆಂಗ್ರೆಯ ಕಡೆಯಿಂದ ಒಬ್ಬರು ಅಣ್ಣನ ದೋಣಿಯನ್ನು ನೋಡಲು ಬಂದಿದ್ದರು. ನೇತ್ರಾವತಿ, ಗುರುಪುರ ಎರಡೂ ನದಿಗಳು ಒಟ್ಟಾಗಿ ಕಡಲಿಗಿಳಿಯುವ ಜಾಗ, ಪಕ್ಕದಲ್ಲೇ ದಕ್ಕೆಯ (ಮೀನುಗಾರಿಕಾ ಬಂದರಿನ) ಬೋಟುಗಳ ಓಡಾಟ. ಯಾವ ಮೋಟಾರ್ ಕೊಳ್ಳಲಿ ಎಂದು ಅವರು ಕೇಳಿದಾಗ ಅಣ್ಣ ಅವರ ಕೈಗೆ ಒಂದು ತೆಂಗಿನಕಾಯಿ ಕೊಟ್ಟು, ಅಳೆಯುವುದು ಹೇಗೆಂದು ಹೇಳಿ ಕಳಿಸಿದರು. ಹುಣ್ಣಿಮೆಯ ಇಳಿತದಲ್ಲಿ ಅಲ್ಲಿ 50 ಮೀಟರಿಗೆ 32 ಸೆಕೆಂಡ್ ಬಂತು, ಅಂದರೆ ಗಂಟೆಗೆ 5.6 ಕಿಲೋಮೀಟರ್. ಅಣ್ಣನ ಮೋಟಾರು ಪೂರ್ತಿ ಓಡಿದರೂ ಅಲ್ಲಿ ದೋಣಿ ನಿಂತಲ್ಲೇ ನಿಲ್ಲುತ್ತಿತ್ತು. ಅಳಿವೆಯ ಬಳಿ ಬೇಡವೇ ಬೇಡ ಎಂದು ಹೇಳಿದ್ದೇವೆ. ಅವರ ಬಲೆಯ ಕೆಲಸ ಬಹುಪಾಲು ಮೇಲಿನ ಒಳನೀರಿನಲ್ಲಿ ನಡೆಯುವುದರಿಂದ ಅಲ್ಲಿ ಅಷ್ಟಮಿಗೊಮ್ಮೆ, ಅಮಾವಾಸ್ಯೆಗೊಮ್ಮೆ ಅಳೆದು ತಿಳಿಸುವುದಾಗಿ ಹೇಳಿ ಹೋಗಿದ್ದಾರೆ. ಆ ಅಂಕಿಗಳು ಬಂದ ಮೇಲೆ ಮೋಟಾರಿನ ಮಾತು.